ಆಂಟ್‌ವರ್ಪಿನ ತಾಮ್ರದ ತಗಡು, ಕೆನರಾದ ತಗ್ಗು ಬಾಗಿಲು

ಕಕ್ಕಿಂಜೆಯಿಂದ ಚಾರ್ಮಾಡಿಗೆ ಹೋಗುವ ರಸ್ತೆಯ ಬದಿಯಲ್ಲಿ ಒಂದು ಮನೆ. ಅಲ್ಲಿ ಚಾವಡಿಯಲ್ಲಿ ಕೂತು ಅಡಕೆ ಸುಲಿಯುತ್ತಿದ್ದ, ಎಂಬತ್ತು ದಾಟಿದ ಅಜ್ಜಿಯೊಬ್ಬರಿಗೆ ನಾವು ಮೊಬೈಲಿನಲ್ಲಿ ಎರಡು ಚಿತ್ರ ತೋರಿಸಿದೆವು. ಚಿತ್ರಗಳನ್ನು ಮೊದಲೇ ಇಳಿಸಿಕೊಂಡು ಹೋಗಿದ್ದೆವು. ಘಟ್ಟದ ಬುಡದಲ್ಲಿ ಮಳೆ ಹಿಡಿದರೆ ಮೊದಲು ಕರೆಂಟು ಹೋಗುತ್ತದೆ, ಹಿಂದೆಯೇ ನೆಟ್‌ವರ್ಕು ಹೋಗುತ್ತದೆ.

ಮೊದಲನೆಯ ಚಿತ್ರದಲ್ಲಿ ಹುಲ್ಲು ಹೊದೆಸಿದ ಮನೆಗಳು, ಬೇಲಿ, ಕಾಲುದಾರಿ, ಮರಗಳು. ಅಜ್ಜಿ ಕನ್ನಡಕ ಸರಿಮಾಡಿಕೊಂಡು ನೋಡಿದರು. "ಮುಳಿ ಮನೆ ಅಲ್ವಾ ಇದು? ಯಾವ ಊರು?" ಎಂದರು. ಎರಡನೆಯದರಲ್ಲಿ ತಾಳೆ, ತೆಂಗಿನಂಥ ಮರಗಳ ನಡುವೆ ಪುಟ್ಟ ಪುಟ್ಟ ಗುಡಿಸಲು. "ಇದೂ ಮುಳಿ ಮನೆಯೇ. ಆದ್ರೆ ಇದು ನಮ್ಮ ಬದಿಯದ್ದು" ಎಂದರು.

ಮೊದಲನೆಯದು ಇವತ್ತಿನ ಬೆಲ್ಜಿಯಂ ದೇಶದ ಆಂಟ್‌ವರ್ಪ್ ನಗರದ ಹೊರವಲಯ. ಅಚ್ಚಾದದ್ದು 1559ರಿಂದ 1561ರ ನಡುವೆ. ಎರಡನೆಯದು ಗೋವಾದ ಸುತ್ತಲಿನ ಹಳ್ಳಿ, ಅಚ್ಚಾದದ್ದು 1596ರಲ್ಲಿ. ಎರಡರ ನಡುವೆ ಸುಮಾರು ಮೂವತ್ತೈದು ವರ್ಷ, ಒಂದು ಸಮುದ್ರಯಾನ, ಒಂದು ಯುದ್ಧ. ಆದರೆ ಎರಡೂ ಚಿತ್ರಗಳ ಹಿಂದೆ ಒಂದೇ ಮನೆತನ ಇದೆ. ಅದು ದೂತೆಕುಮ್ ಎಂಬ ಕುಶಲಕರ್ಮಿಗಳ ಮನೆತನ. ಅವರು ತಮ್ಮ ಹಳ್ಳಿಯವರನ್ನು ಹೇಗೆ ಚಿತ್ರಿಸಿದರು, ನಮ್ಮ ಕರಾವಳಿಯವರನ್ನು ಹೇಗೆ ಚಿತ್ರಿಸಿದರು ಎನ್ನುವುದು ಈ ಬರಹದ ವಿಷಯ. ನಾವು ಇದರ ಹಿಂದೆ ಬಿದ್ದದ್ದಕ್ಕೆ ಬೇರೆ ಕಾರಣ ಒಂದು ಉಂಟು, ಅದನ್ನು ಕೊನೆಗೆ ಹೇಳುತ್ತೇವೆ.

ಮೊದಲು ಈ ಚಿತ್ರಗಳನ್ನು ಮಾಡುತ್ತಿದ್ದ ರೀತಿ ನೋಡೋಣ. ಕಪ್ಪಾದ ತಾಮ್ರದ ಹಂಡೆಗೆ ಹುಣಸೆಹುಳಿ ಹಚ್ಚಿ ತಿಕ್ಕಿದರೆ ಫಳಫಳ ಹೊಳೆಯುತ್ತದಲ್ಲ? ಹುಳಿ ತಾಮ್ರದ ಮೇಲ್ಮೈಯನ್ನು ತುಸು ತಿನ್ನುತ್ತದೆ. ಅದೇ ಗುಣವನ್ನು ಇವರು ಬಳಸಿಕೊಂಡರು. ನುಣುಪಾದ ತಾಮ್ರದ ತಗಡಿಗೆ ಮೇಣದಂಥ ಲೇಪ ಹಚ್ಚುವುದು. ಸೂಜಿಯಿಂದ ಲೇಪವನ್ನು ಗೀರಿ ಚಿತ್ರ ಬರೆಯುವುದು. ಆಮೇಲೆ ತಗಡನ್ನು ಆಮ್ಲಕ್ಕೆ ಒಡ್ಡುವುದು. ಸೂಜಿ ಗೀರಿದಲ್ಲಿ ಮಾತ್ರ ಆಮ್ಲ ತಾಮ್ರವನ್ನು ತಿಂದು ಸಣ್ಣ ಚರಂಡಿ ಮಾಡುತ್ತದೆ. ಲೇಪ ತೆಗೆದು ಮಸಿ ಮೆತ್ತಿ ಒರೆಸಿದರೆ ಮಸಿ ಆ ಚರಂಡಿಗಳಲ್ಲಿ ಮಾತ್ರ ಉಳಿಯುತ್ತದೆ. ಒದ್ದೆ ಕಾಗದ ಇಟ್ಟು ಎರಡು ಉರುಳೆಗಳ ನಡುವೆ, ಕಬ್ಬಿನ ಗಾಣದ ಹಾಗೆ, ಒತ್ತಿ ಎಳೆದರೆ ಚಿತ್ರ ಕಾಗದಕ್ಕೆ ಬರುತ್ತದೆ. ಆದರೆ ಎಡ ಬಲವಾಗಿ, ಬಲ ಎಡವಾಗಿ ಬರುತ್ತದೆ. ಆಮ್ಲ ಹಾಕದೆ ಉಳಿಯಿಂದಲೇ ತಾಮ್ರವನ್ನು ಕೊರೆಯುವ ಕ್ರಮವೂ ಇತ್ತು, ಅದಕ್ಕೆ ಶ್ರಮ ಹೆಚ್ಚು. ಆಮ್ಲದ ಕೆಲಸವನ್ನೇ ಉಳಿಯ ಕೆಲಸದಂತೆ ಕಾಣಿಸುವುದರಲ್ಲಿ ಯೊಹಾನೆಸ್ ಮತ್ತು ಲೂಕಾಸ್ ವಾನ್ ದೂತೆಕುಮ್ ಎಂಬ ಅಣ್ಣತಮ್ಮಂದಿರು ಹೆಸರಾದವರು.

ಒಂದು ಪೇಂಟಿಂಗ್ ಒಬ್ಬ ಶ್ರೀಮಂತನ ಗೋಡೆಗೆ ಹೋಗುತ್ತದೆ. ಒಂದು ತಗಡಿನಿಂದ ನೂರಾರು ಪ್ರತಿ ತೆಗೆಯಬಹುದು. ಕಡಿಮೆ ಬೆಲೆಗೆ ಮಾರಬಹುದು, ಹಡಗಿನಲ್ಲಿ ದೂರದ ಊರಿಗೆ ಕಳಿಸಬಹುದು. ಆ ಕಾಲಕ್ಕೆ ಅದು ಇವತ್ತಿನ ಫಾರ್ವರ್ಡ್ ಇದ್ದ ಹಾಗೆ.

ಆಂಟ್‌ವರ್ಪಿನಲ್ಲಿ ಹಿಯೆರೊನಿಮಸ್ ಕಾಕ್ ಎಂಬಾತ 1548ರ ಸುಮಾರಿಗೆ ಇಂಥ ಚಿತ್ರಗಳ ಅಂಗಡಿ ತೆರೆದ. ಅದರ ಹೆಸರು 'ನಾಲ್ಕು ಗಾಳಿ'. ನಾಲ್ಕು ದಿಕ್ಕಿಗೂ ಸರಕು ಹೋಗಬೇಕು ಎಂಬ ಆಸೆ ಇರಬೇಕು. ಅದು ಮನೆಮಂದಿ ಸೇರಿ ನಡೆಸುವ ವ್ಯಾಪಾರ. 1570ರಲ್ಲಿ ಕಾಕ್ ತೀರಿಕೊಂಡ ಮೇಲೆ ಹೆಂಡತಿ ಫೋಲ್ಕ್ಸ್‌ಕೆನ್ ಡಿಯೆರಿಕ್ಸ್ 1600ರಲ್ಲಿ ತಾವು ತೀರಿಕೊಳ್ಳುವವರೆಗೆ, ಮೂವತ್ತು ವರ್ಷ, ಅಂಗಡಿಯನ್ನು ನಡೆಸಿಕೊಂಡು ಹೋದರು. ಕಲೆಯ ಇತಿಹಾಸದ ಪುಸ್ತಕಗಳಲ್ಲಿ ಗಂಡನ ಹೆಸರಿಗೆ ಪುಟಗಳು, ಹೆಂಡತಿಯ ಹೆಸರಿಗೆ ಸಾಲುಗಳು. ಬಂಟ್ವಾಳ, ಬೆಳ್ತಂಗಡಿ ಕಡೆ ಬೀಡಿ ಕಟ್ಟಿ ಮನೆ ನಡೆಸಿದ ಹೆಂಗಸರ ಲೆಕ್ಕ ಯಾರ ಪುಸ್ತಕದಲ್ಲಿದೆ ಎಂದು ನೀವು ಕೇಳಿದರೆ ನಮ್ಮಲ್ಲೂ ಉತ್ತರ ಇಲ್ಲ.

ಕಾಕ್‌ಗೆ ಚಿತ್ರ ಬರೆದುಕೊಟ್ಟವರಲ್ಲಿ ದೊಡ್ಡ ಹೆಸರು ಪೀಟರ್ ಬ್ರೂಗೆಲ್. 1555-56ರ ಸುಮಾರಿಗೆ ಬ್ರೂಗೆಲ್ ಬರೆದ ದೊಡ್ಡ ನಿಸರ್ಗಚಿತ್ರಗಳ ಮಾಲೆಯನ್ನು ತಾಮ್ರಕ್ಕೆ ಇಳಿಸಿದವರು ಇದೇ ದೂತೆಕುಮ್ ಸೋದರರು. ಅದರಲ್ಲಿ ಒಂದಕ್ಕೆ ಲ್ಯಾಟಿನ್ ಭಾಷೆಯಲ್ಲಿ ಹೆಸರು ಕೊಟ್ಟಿದ್ದಾರೆ. ಕನ್ನಡದಲ್ಲಿ ಹೇಳುವುದಾದರೆ 'ಹಳ್ಳಿಯವರ ಚಿಂತೆ'. ದೂರಕ್ಕೆ ನದಿ, ಬೆಟ್ಟ, ಬಯಲು ಎಲ್ಲ ಹರಡಿಕೊಂಡಿವೆ. ಮುಂದುಗಡೆ ಮೂಲೆಯಲ್ಲಿ ಒಬ್ಬ ರೈತ ತನ್ನ ಹುಲ್ಲು ಕತ್ತರಿಸುವ ಕತ್ತಿಯನ್ನು ಹದಮಾಡುತ್ತಿದ್ದಾನೆ. ಅಷ್ಟೆಲ್ಲ ಚೆಂದದ ಬೆಟ್ಟವನ್ನು ಅವನು ನೋಡುವುದೇ ಇಲ್ಲ. ಚಾರ್ಮಾಡಿ ಘಾಟಿಯಲ್ಲಿ ಕಾರು ನಿಲ್ಲಿಸಿ ಸೆಲ್ಫಿ ತೆಗೆಯುವವರ ಪಕ್ಕದಲ್ಲೇ ತಲೆ ಮೇಲೆ ಸೊಪ್ಪಿನ ಹೊರೆ ಹೊತ್ತು ನಡೆಯುವವರನ್ನು ನೋಡಿದವರಿಗೆ ಈ ಚಿತ್ರ ಬೇಗ ಅರ್ಥವಾಗುತ್ತದೆ.

ಅಜ್ಜಿಗೆ ತೋರಿಸಿದ ಮುಳಿ ಮನೆಯ ಚಿತ್ರ ಇನ್ನೊಂದು ಮಾಲೆಯದು. ಕಾಕ್ ಅದನ್ನು 1559 ಮತ್ತು 1561ರಲ್ಲಿ ಎರಡು ಕಂತಾಗಿ ಹೊರತಂದ. ಒಟ್ಟು 44 ಚಿತ್ರ. ತಾಮ್ರಕ್ಕೆ ಇಳಿಸಿದವರು ಮತ್ತೆ ದೂತೆಕುಮ್ ಸೋದರರೇ. ಮೂಲ ಬರೆದ ಕಲಾವಿದನ ಹೆಸರು ಮಾತ್ರ ಅದರಲ್ಲಿಲ್ಲ. ಹಾಗಾಗಿ ವಿದ್ವಾಂಸರು ಅವನನ್ನು 'ಸಣ್ಣ ನಿಸರ್ಗಚಿತ್ರಗಳ ಗುರು' ಎಂದು ಕರೆದು ಸುಮ್ಮನಾಗಿದ್ದಾರೆ. ಇವುಗಳಲ್ಲಿ ದೇವರಿಲ್ಲ, ರಾಜನಿಲ್ಲ, ಯುದ್ಧವಿಲ್ಲ. ಆಂಟ್‌ವರ್ಪಿನ ಹತ್ತಿರದ ಹಳ್ಳಿಯ ರಸ್ತೆ, ಕೊಟ್ಟಿಗೆ, ಕೆರೆ, ಹುಲ್ಲಿನ ಮಾಡು, ಅಲ್ಲಲ್ಲಿ ಸಣ್ಣಗೆ ಮನುಷ್ಯರು. ಅಷ್ಟೇ. ಆ ಹೊತ್ತಿನವರೆಗೆ ಯೂರೋಪಿನಲ್ಲಿ ಹಳ್ಳಿ ಎಂದರೆ ದೇವರ ಕತೆಯ ಹಿಂದಿನ ಪರದೆ. ಇಲ್ಲಿ ಪರದೆಯೇ ಆಟಕ್ಕೆ ಇಳಿದಿದೆ. ಯಕ್ಷಗಾನಕ್ಕೆ ಹೋದವರು ರಂಗಸ್ಥಳ ಬಿಟ್ಟು ಚೌಕಿಯ ಹಿಂದಿನ ಗದ್ದೆಯನ್ನೇ ನೋಡುತ್ತಾ ಕೂತ ಹಾಗೆ.

ಬ್ರೂಗೆಲ್ ಮನೆಯೊಳಕ್ಕೂ ಹೊಕ್ಕಿದ್ದಾನೆ. 1563ರಲ್ಲಿ ಅಚ್ಚಾದ ಎರಡು ಚಿತ್ರಗಳಲ್ಲಿ ಒಂದು ಬಡವರ ಅಡುಗೆಮನೆ, ಇನ್ನೊಂದು ಉಳ್ಳವರ ಅಡುಗೆಮನೆ. ಬಡವರ ಮನೆಯಲ್ಲಿ ಒಣಕಲು ಜನ ಒಂದೇ ಬೋಗುಣಿಗೆ ಕೈ ಹಾಕಿ ತಿನ್ನುತ್ತಿದ್ದಾರೆ. ಅದರಲ್ಲಿರುವುದು ನಮ್ಮ ಮರುವಾಯಿಯ ಜಾತಿಯ ಚಿಪ್ಪಿನ ಪ್ರಾಣಿ. ಉಳ್ಳವರ ಮನೆಯಲ್ಲಿ ಎಲ್ಲರೂ ಗುಂಡಗೆ, ಮೇಲಿನಿಂದ ಮಾಂಸ ತೂಗಾಡುತ್ತಿದೆ. ಅಲ್ಲಿಗೆ ಬಂದ ಒಣಕಲು ಮನುಷ್ಯನನ್ನು ಬಾಗಿಲಿನಿಂದ ಹೊರಗೆ ತಳ್ಳುತ್ತಿದ್ದಾರೆ. ನಗಿಸುವ ಚಿತ್ರ ಹೌದು. ಆದರೆ ಯಾರನ್ನು ನೋಡಿ ನಗುತ್ತಿದ್ದೇವೆ ಎಂದು ಯೋಚಿಸಿದರೆ ನಗು ಅರ್ಧಕ್ಕೇ ನಿಲ್ಲುತ್ತದೆ. ಇವನ್ನು ಕೊಂಡು ಗೋಡೆಗೆ ಅಂಟಿಸಿದವರು ಹಳ್ಳಿಯವರಲ್ಲ, ನಗರದ ವರ್ತಕರು. ಹಳ್ಳಿಯ ಸಂಸಾರ ಮೊದಲಿನಿಂದಲೂ ಪೇಟೆಯವರ ನೋಟಕ್ಕೆ ಸಿಕ್ಕ ವಸ್ತುವೇ.

ಆಮೇಲೆ ಯುದ್ಧ ಬಂತು. ಸ್ಪೇನಿನ ಅರಸನ ವಿರುದ್ಧ ನೆದರ್ಲೆಂಡ್ಸ್ ಪ್ರಾಂತ್ಯಗಳು ದಂಗೆಯೆದ್ದವು. 1576ರಲ್ಲಿ ಸಂಬಳ ಸಿಗದ ಸ್ಪೇನಿನ ಸೈನಿಕರು ಆಂಟ್‌ವರ್ಪನ್ನು ಲೂಟಿ ಮಾಡಿದರು. 1585ರಲ್ಲಿ, ಒಂದು ವರ್ಷದ ಮುತ್ತಿಗೆಯ ನಂತರ, ನಗರ ಸ್ಪೇನಿಗೆ ಶರಣಾಯಿತು. ಸುತ್ತಲಿನ ಹಳ್ಳಿಗಳು ಹಾಳುಬಿದ್ದವು. ಸಾವಿರಾರು ಕುಟುಂಬಗಳು ಗಂಟುಮೂಟೆ ಕಟ್ಟಿ ಉತ್ತರಕ್ಕೆ, ಇವತ್ತಿನ ಹಾಲೆಂಡ್ ಕಡೆಗೆ ಹೋದವು. ಆದರೆ ಆ 44 ತಗಡುಗಳು ಉಳಿದಿದ್ದವು. 1601ರಲ್ಲಿ ಆಂಟ್‌ವರ್ಪಿನಲ್ಲಿ ಅವುಗಳಿಂದ ಮತ್ತೆ ಪ್ರತಿ ತೆಗೆದರು. 1612ರಲ್ಲಿ ಆಮ್‌ಸ್ಟರ್‌ಡಾಂನಲ್ಲಿ ಕ್ಲಾಸ್ ವಿಸ್ಸರ್ ಎಂಬಾತ ಅವನ್ನು ನಕಲು ಮಾಡಿ ಅಚ್ಚು ಹಾಕಿದ. ಇಷ್ಟು ಹೊತ್ತಿಗೆ ಚಿತ್ರದಲ್ಲಿದ್ದ ಹಳ್ಳಿ ಹಾಗೆಯೇ ಉಳಿದಿರಲಿಲ್ಲ. ಊರು ಬಿಟ್ಟು ಬಂದವರು ಕೊಂಡ ಕಾಗದದಲ್ಲಿ ಮಾತ್ರ ಹುಲ್ಲಿನ ಮಾಡು ಸರಿಯಾಗಿತ್ತು.

ದೂತೆಕುಮ್ ಮನೆಯವರೂ ಅಷ್ಟು ಹೊತ್ತಿಗೆ ಉತ್ತರದಲ್ಲಿದ್ದರು. ಯೊಹಾನೆಸ್‌ನ ಮಕ್ಕಳೂ, ಅವರಲ್ಲಿ ಬ್ಯಾಪ್ಟಿಸ್ಟಾ ಎಂಬಾತನೂ, ಅದೇ ಕಸುಬು ಹಿಡಿದಿದ್ದರು. ಈ ಮನೆಯ ಕೈಗೆ ನಮ್ಮ ಕರಾವಳಿ ಬಂದು ಬಿದ್ದದ್ದು ಆಗಲೇ.

ಅದನ್ನು ತಂದವನು ಯಾನ್ ಹೈಖೆನ್ ವಾನ್ ಲಿನ್ಸ್ಕೊಟೆನ್. 1563ರಲ್ಲಿ ಹಾರ್ಲೆಮ್‌ನಲ್ಲಿ ಹುಟ್ಟಿದ ಈ ಹುಡುಗ ಇಪ್ಪತ್ತರ ಹರೆಯದಲ್ಲಿ, 1583ರಲ್ಲಿ, ಪೋರ್ಚುಗೀಸರ ಗೋವಾಕ್ಕೆ ಬಂದ. ಅಲ್ಲಿನ ಆರ್ಚ್‌ಬಿಷಪ್ಪರ ಕಾರ್ಯದರ್ಶಿಯಾಗಿ ಐದು ವರ್ಷಕ್ಕೂ ಹೆಚ್ಚು ಕಾಲ ಇದ್ದ. ಕಣ್ಣಿಗೆ ಬಿದ್ದದ್ದನ್ನೂ ಕಿವಿಗೆ ಬಿದ್ದದ್ದನ್ನೂ ಬರೆದುಕೊಂಡ, ಚಿತ್ರವನ್ನೂ ಬರೆದುಕೊಂಡ. 1592ರಲ್ಲಿ ಊರಿಗೆ ಮರಳಿದ. 1596ರಲ್ಲಿ ಆಮ್‌ಸ್ಟರ್‌ಡಾಂನ ಕಾರ್ನೆಲಿಸ್ ಕ್ಲಾಸ್ ಎಂಬ ಪ್ರಕಾಶಕ ಅವನ 'ಇಟಿನೆರಾರಿಯೊ' ಎಂಬ ದೊಡ್ಡ ಪುಸ್ತಕವನ್ನು ಹೊರತಂದ. ಅದರಲ್ಲಿ ಮೂವತ್ತಕ್ಕೂ ಹೆಚ್ಚು ಚಿತ್ರಗಳಿವೆ, ತಾಮ್ರಕ್ಕೆ ಇಳಿಸಿದವರು ದೂತೆಕುಮ್ ಮನೆಯವರು. ಗೋವಾದ ಸಂತೆ, ಪಲ್ಲಕ್ಕಿಯಲ್ಲಿ ಹೋಗುವ ಪೋರ್ಚುಗೀಸ್ ಹೆಂಗಸರು, ತೆಂಗು ಬಾಳೆ ಎಲ್ಲ ಇವೆ. ಅವುಗಳ ನಡುವೆ ಹೊಲದ ಕೆಲಸ ಮತ್ತು ಮೀನುಗಾರಿಕೆ ಮಾಡುವ ಜನರ ಚಿತ್ರವೂ ಉಂಟು, ಅವರು ಇರುವ ಹಳ್ಳಿಯ ಚಿತ್ರವೂ ಉಂಟು. ಆ ಜನರಿಗೆ ಪುಸ್ತಕ ಕೊಟ್ಟ ಹೆಸರು 'ಕನಾರಿನ್'.

ಹೆಸರು ಕೇಳಿದರೇ ಗೊತ್ತಾಗುತ್ತದೆ. ಕನ್ನಡ, ಕರ್ನಾಟಕ ಎಂಬ ಮಾತು ಪೋರ್ಚುಗೀಸರ ಬಾಯಲ್ಲಿ 'ಕನಾರಾ' ಆಯಿತು. ಅದನ್ನೇ ಇಂಗ್ಲಿಷರು 'ಕೆನರಾ' ಮಾಡಿದರು. 1906ರಲ್ಲಿ ಮಂಗಳೂರಿನಲ್ಲಿ ಶುರುವಾದ ಬ್ಯಾಂಕಿನ ಹೆಸರಿನಲ್ಲಿ, ನಿಮ್ಮ ಪಾಸ್‌ಬುಕ್ಕಿನ ಮೇಲೆ, ಅದು ಇನ್ನೂ ಇದೆ. ಗೋವಾದಲ್ಲಿ ಪೋರ್ಚುಗೀಸರು ಕನಾರಿನ್ ಎಂದದ್ದು ಬಹುಪಾಲು ಅಲ್ಲಿನ ಕೊಂಕಣಿ ಮಾತಾಡುವ ರೈತಾಪಿ ಜನರನ್ನು. ಬರಬರುತ್ತಾ ಅದು ಬೈಗುಳವೂ ಆಯಿತು. ಹಾಗಾಗಿ ಇದು ಬೆಳ್ತಂಗಡಿಯ ಚಿತ್ರ ಎಂದು ನಾವು ಹೇಳುತ್ತಿಲ್ಲ. ಆದರೆ ಹೆಸರು ನಮ್ಮ ನಾಡಿನದು, ಮಳೆ ನಮ್ಮದೇ ಮಳೆ, ಮನೆ ಕಟ್ಟಿದ ಬಗೆಯೂ ನಮ್ಮದೇ. ಲಿನ್ಸ್ಕೊಟೆನ್ ತನ್ನ ಪುಸ್ತಕದಲ್ಲಿ ಗೋವಾದಿಂದ ದಕ್ಷಿಣಕ್ಕೆ ಬರುತ್ತಾ ಹೊನ್ನಾವರ, ಬಸರೂರು, ಮಂಗಳೂರುಗಳನ್ನೂ ಹೆಸರಿಸುತ್ತಾನೆ.

ಪುಸ್ತಕ ಏನು ಹೇಳುತ್ತದೆ ಕೇಳಿ. ಇವರ ಮನೆಗಳು ತೀರಾ ಸಣ್ಣವು, ಹುಲ್ಲು ಹೊದೆಸಿದವು, ಕಿಟಕಿ ಇಲ್ಲ. ಬಾಗಿಲು ಎಷ್ಟು ತಗ್ಗು ಎಂದರೆ ಹೆಚ್ಚುಕಡಿಮೆ ಮೊಣಕಾಲೂರಿ ಒಳಗೆ ಹೋಗಬೇಕು. ಮನೆಯೊಳಗೆ ಸಾಮಾನು ಎಂದರೆ ಕೂರಲಿಕ್ಕೂ ಮಲಗಲಿಕ್ಕೂ ಚಾಪೆ, ಅನ್ನ ಬೇಯಿಸುವ ಮಡಕೆ, ನೆಲದಲ್ಲಿ ಒಂದು ಕುಳಿ, ಅದರಲ್ಲಿ ಭತ್ತ ಕುಟ್ಟುವ ಕೋಲು. ಮೇಜೂ ಬಾಳೆ ಎಲೆ, ಮೇಜಿನ ಬಟ್ಟೆಯೂ ಬಾಳೆ ಎಲೆ. ಗೋಡೆಗೆ, ನೆಲಕ್ಕೆ ದನದ ಸೆಗಣಿ ಬಳಿಯುತ್ತಾರೆ, ಹಾಗೆ ಮಾಡಿದರೆ ಚಿಗಟ ಬರುವುದಿಲ್ಲವಂತೆ. ಹೆಂಗಸರು ಯಾರ ಸಹಾಯವೂ ಇಲ್ಲದೆ ಹೆರುತ್ತಾರೆ, ಮಗುವನ್ನು ತಾವೇ ತೊಳೆದು ಬಾಳೆ ಎಲೆಯ ಮೇಲೆ ಮಲಗಿಸಿ ಕೆಲಸಕ್ಕೆ ಹೋಗುತ್ತಾರೆ. ಇಷ್ಟು ಕಡಿಮೆ ತಿಂದು ಗಾಳಿಯಲ್ಲೇ ಬದುಕುವವರ ಹಾಗೆ ಕಾಣುತ್ತಾರೆ.

ನಾವು ಇದನ್ನು ಅಜ್ಜಿಗೆ ಓದಿ ಹೇಳಿದೆವು. ಅವರು ಮಾತಾಡುವುದು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇವೆ. ಕುಳಿಯೂ ಕೋಲೂ ಎಂದಾಗಲೇ ಅವರಿಗೆ ನಗು ಬಂತು. "ಒರಳು, ಒನಕೆ ಅಂತ ಅವನಿಗೆ ಯಾರೂ ಹೇಳ್ಲಿಲ್ವಾ?" ಬಾಳೆ ಎಲೆಯ ಮೇಜಿನ ಬಟ್ಟೆಗೆ ಮತ್ತೆ ನಕ್ಕರು. ಬಾಗಿಲಿನ ಮಾತು ಬಂದಾಗ ನಗಲಿಲ್ಲ. "ಬಾಗಿಲು ತಗ್ಗು ಇಟ್ಟದ್ದು ಮಳೆಗೆ ಮಗಾ. ಆಟಿ ತಿಂಗಳ ಗಾಳಿಗೆ ಮಾಡು ಎತ್ತರ ಇದ್ರೆ ಮುಳಿ ಉಳೀತದಾ? ಮಾಡು ಕೆಳಗೆ ಬಂದ್ರೆ ಗೋಡೆ ನೆನೆಯೂದಿಲ್ಲ. ಮಣ್ಣಿನ ಗೋಡೆ ಅಲ್ವಾ?"

ಐದು ವರ್ಷ ಗೋವಾದ ಮಳೆಗಾಲ ಕಂಡವನಿಗೆ ಹೊಳೆಯದ ಕಾರಣ ಇದು ಎಂದು ನಾವು ಖುಷಿಯಲ್ಲಿ ಬರೆದುಕೊಳ್ಳುತ್ತಿದ್ದೆವು. ಅಷ್ಟರಲ್ಲಿ ಅಜ್ಜಿ ಅಡಕೆ ಸುಲಿಯುವುದನ್ನು ನಿಲ್ಲಿಸಿ ಇನ್ನೊಂದು ಮಾತು ಸೇರಿಸಿದರು. "ಮತ್ತೆ ಎತ್ತರ ಕಟ್ಲಿಕ್ಕೆ ಜಾಗ ನಮ್ಮದಾ? ಧಣಿಗಳದ್ದು. ನಾವು ಒಕ್ಕಲು. ಹೆಂಚು ಹಾಕ್ಬೇಕಾದ್ರೂ ಅವರನ್ನು ಕೇಳ್ಬೇಕು. ಡಿಕ್ಲರೇಷನ್ ಆದ ಮೇಲೆಯೇ ನಾವು ಈ ಮನೆ ಕಟ್ಟಿದ್ದು." ಡಿಕ್ಲರೇಷನ್ ಎಂದರೆ 1974ರ ಭೂಸುಧಾರಣೆ ಕಾಯ್ದೆಯಡಿ ಗೇಣಿದಾರರು ಕೊಟ್ಟ ಅರ್ಜಿ. ನಮ್ಮ ಜಿಲ್ಲೆಯ ಎಷ್ಟೋ ಮನೆಗಳ ಇತಿಹಾಸ ಆ ಅರ್ಜಿಯ ಹಿಂದೆ, ಮುಂದೆ ಎಂದು ಎರಡು ಭಾಗ.

ಹೀಗೆ ಒಂದು ತಗ್ಗು ಬಾಗಿಲಿಗೆ ಮೂರು ವಿವರಣೆ ಆಯಿತು. ಲಿನ್ಸ್ಕೊಟೆನ್‌ಗೆ ಅದು ದರಿದ್ರ. ಅಜ್ಜಿಯ ಮೊದಲ ಮಾತಿಗೆ ಅದು ಜಾಣತನ. ಎರಡನೆಯ ಮಾತಿಗೆ ಅದು ಗೇಣಿ. ಚಿತ್ರ ಮೂರಕ್ಕೂ ಒಂದೇ. ಹಳೆಯ ಕಾಲದ್ದೆಲ್ಲ ಚೆಂದ ಎನ್ನುವ ವಾಟ್ಸಾಪ್ ಬರಹಗಳನ್ನು ಓದಿ ಓದಿ ನಮಗೂ ಎರಡನೆಯ ವಿವರಣೆಗೇ ನಿಂತುಬಿಡುವ ಚಟ ಹತ್ತಿದೆ. ಅಜ್ಜಿ ನಿಲ್ಲಲು ಬಿಡಲಿಲ್ಲ.

ತಗಡು ಕೆತ್ತಿದವರಿಗೆ ಇದು ಯಾವುದೂ ಗೊತ್ತಿರುವ ಸಾಧ್ಯತೆ ಇರಲಿಲ್ಲ. ತಾವೇ ನಡೆದ ದಾರಿಯ ಪಕ್ಕದ ಮುಳಿ ಮನೆಯನ್ನು ಕೆತ್ತುವುದು ಬೇರೆ, ಆರು ತಿಂಗಳ ಹಡಗಿನ ದೂರದಲ್ಲಿರುವ ಮನೆಯನ್ನು ಇನ್ನೊಬ್ಬನ ಕಾಗದ ನೋಡಿ ಕೆತ್ತುವುದು ಬೇರೆ. ಪುಸ್ತಕದ ಜನರ ಮೈಕಟ್ಟು ನಮ್ಮ ಗದ್ದೆಯವರದ್ದಲ್ಲ, ಯೂರೋಪಿನ ಕಲ್ಲಿನ ವಿಗ್ರಹಗಳದ್ದು. ಇದಕ್ಕೆ ಅವರನ್ನು ಗೇಲಿ ಮಾಡುವ ಮೊದಲು ಮೂಡುಬಿದಿರೆಗೆ ಹೋಗಿ ಬನ್ನಿ. 1430ರಲ್ಲಿ ಕಟ್ಟಲು ಶುರುಮಾಡಿದ ಸಾವಿರ ಕಂಬದ ಬಸದಿಯ ಭೈರಾದೇವಿ ಮಂಟಪದ ಬುಡದಲ್ಲಿ ಜಿರಾಫೆಯೂ ಚೀನಾದ ಡ್ರ್ಯಾಗನ್ನೂ ಇವೆ. ನಮ್ಮ ಶಿಲ್ಪಿಯ ಊರಲ್ಲೂ ಜಿರಾಫೆ ಇರಲಿಲ್ಲ. ಕರಾವಳಿಯ ವ್ಯಾಪಾರದ ಜೊತೆ ಬಂದ ಸುದ್ದಿಯನ್ನು ಅವನು ಕಲ್ಲಿಗೆ ಇಳಿಸಿದ, ಅವರು ತಾಮ್ರಕ್ಕೆ ಇಳಿಸಿದರು.

ಆದರೆ ಒಂದು ವ್ಯತ್ಯಾಸ ನಮ್ಮನ್ನು ಕಾಡಿತು. ಆಂಟ್‌ವರ್ಪಿನ ಹಳ್ಳಿಯ ಚಿತ್ರದಲ್ಲಿ ಮನುಷ್ಯರು ಸಣ್ಣಗೆ, ತಮ್ಮ ಪಾಡಿಗೆ ತಾವು ಇದ್ದಾರೆ. ಅವರ ಕೆಳಗೆ ವಿವರಣೆ ಇಲ್ಲ. ಇವರು ಇಂಥವರು, ಇಷ್ಟು ತಿನ್ನುತ್ತಾರೆ, ಹೀಗೆ ಹೆರುತ್ತಾರೆ ಎಂದು ಯಾರೂ ಬರೆದಿಲ್ಲ. ಕನಾರಿನ್ ರೈತ ಮಾತ್ರ ಸೊಂಟದ ಬಟ್ಟೆಯಲ್ಲಿ ಮುಂದೆ ಬಂದು ನಿಂತಿದ್ದಾನೆ, ಅವನ ಜೊತೆಗೆ ಲ್ಯಾಟಿನ್ನಿನಲ್ಲೂ ಡಚ್ಚಿನಲ್ಲೂ ಶೀರ್ಷಿಕೆ. ಮೊದಲನೆಯದು ಊರಿನ ಚಿತ್ರ, ಎರಡನೆಯದು ಮಾದರಿಯ ಚಿತ್ರ. ಅದಕ್ಕೆ ಕಾರಣವೂ ಇತ್ತು. ಲಿನ್ಸ್ಕೊಟೆನ್‌ನ ಬರಹಗಳನ್ನು ಓದಿದವರಲ್ಲಿ ಹಡಗು ಹೊರಡಿಸುವ ವರ್ತಕರಿದ್ದರು. ಯಾವ ಬಂದರಿನಲ್ಲಿ ಏನು ಸಿಗುತ್ತದೆ, ಅಲ್ಲಿನ ಜನ ಎಂಥವರು ಎಂದು ಅವರಿಗೆ ತಿಳಿಯಬೇಕಿತ್ತು. 1602ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿ ಹುಟ್ಟಿತು.

ನಮ್ಮ ತಾಲೂಕಿಗೆ ಇನ್ನೂ ಹತ್ತಿರ ಬಂದವರು ಫ್ರಾನ್ಸಿಸ್ ಬುಕಾನನ್. ಟಿಪ್ಪು ಸುಲ್ತಾನನ ಪತನದ ನಂತರ ಇಂಗ್ಲಿಷ್ ಕಂಪನಿಗಾಗಿ ಪ್ರವಾಸ ಮಾಡುತ್ತಾ 1801ರಲ್ಲಿ ಬಂಟ್ವಾಳ, ಬೆಳ್ತಂಗಡಿ, ವೇಣೂರು, ಮೂಡುಬಿದಿರೆ ದಾರಿಯಲ್ಲಿ ಹಾದುಹೋದರು. 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವರ ಪುಸ್ತಕದಲ್ಲಿ ನೇಗಿಲು ಮೊದಲಾದ ಉಪಕರಣಗಳ ಕೆತ್ತಿದ ಚಿತ್ರಗಳಿವೆ. ಭತ್ತದ ಲೆಕ್ಕ, ಗೇಣಿಯ ಲೆಕ್ಕ, ಮಣ್ಣಿನ ಬಗೆ ಎಲ್ಲ ಇದೆ. ನೇಗಿಲು ಹಿಡಿದವನ ಮನೆಮಂದಿ ನಮ್ಮ ಕಣ್ಣಿಗೆ ಬೀಳಲಿಲ್ಲ.

ಹಾಗಾದರೆ ನಮ್ಮವರು ತಮ್ಮ ಸಂಸಾರದ ದಾಖಲೆ ಇಡಲೇ ಇಲ್ಲವೇ? ಇಟ್ಟಿದ್ದಾರೆ, ಕಾಗದದಲ್ಲಲ್ಲ. ಪಾಡ್ದನ ಕೇಳಿದವರಿಗೆ ಗೊತ್ತು. ಅಲ್ಲಿ ಎಲ್ಲರಿಗೂ ಹೆಸರಿದೆ. ಸಿರಿಯ ಪಾಡ್ದನದಲ್ಲಿ ಸಿರಿ, ಅವಳ ಮಗ ಕುಮಾರ, ಮಗಳು ಸೊನ್ನೆ, ಮೊಮ್ಮಕ್ಕಳು ಅಬ್ಬಗ ದಾರಗ, ಹೀಗೆ ತಲೆಮಾರುಗಳೇ ಬರುತ್ತವೆ. ಕೋಟಿ ಚೆನ್ನಯರ ಕತೆ ಶುರುವಾಗುವುದೇ ತಾಯಿ ದೇಯಿ ಬೈದೆತಿಯಿಂದ. ಯಾವ ಮನೆ, ಯಾವ ಗದ್ದೆ, ಯಾರ ಹೊಟ್ಟೆಯಲ್ಲಿ ಹುಟ್ಟಿದವರು ಎಂಬುದೆಲ್ಲ ಉಂಟು. ಮುಖ ಮಾತ್ರ ಇಲ್ಲ. ಯೂರೋಪಿನ ತಗಡಿನಲ್ಲಿ ಮುಖ ಉಂಟು, ಹೆಸರಿಲ್ಲ.

ಇವೆರಡನ್ನೂ ಒಂದೇ ಮೇಜಿನ ಮೇಲೆ ಇಟ್ಟುಕೊಂಡಿದ್ದ ಒಬ್ಬ ಮನುಷ್ಯ ಮಂಗಳೂರಿನಲ್ಲಿದ್ದರು. ಅವರು ಆರ್ಥರ್ ಕೋಕ್ ಬರ್ನೆಲ್, ಬ್ರಿಟಿಷರ ಕಾಲದಲ್ಲಿ ಇಲ್ಲಿ ನ್ಯಾಯಾಧೀಶರಾಗಿದ್ದವರು. ತುಳುವರ ಭೂತಾರಾಧನೆಯ ಪಾಡ್ದನಗಳನ್ನು ಸಂಗ್ರಹಿಸಿದರು. ಅವರು ತೀರಿಕೊಂಡ ಮೇಲೆ, 1894ರಿಂದ, 'ಇಂಡಿಯನ್ ಆಂಟಿಕ್ವೆರಿ' ಪತ್ರಿಕೆಯಲ್ಲಿ ಅವು ಕಂತುಕಂತಾಗಿ ಬಂದವು. ಲಿನ್ಸ್ಕೊಟೆನ್ ಪುಸ್ತಕದ ಹಳೆಯ ಇಂಗ್ಲಿಷ್ ಅನುವಾದವನ್ನು ಟಿಪ್ಪಣಿಗಳೊಂದಿಗೆ ಸಿದ್ಧಪಡಿಸುತ್ತಿದ್ದವರೂ ಇವರೇ. ಮೊದಲ ಸಂಪುಟದ ಕೆಲಸದ ಹೊತ್ತಿಗೆ, 1882ರಲ್ಲಿ, ತೀರಿಕೊಂಡರು. ಇನ್ನೊಬ್ಬ ವಿದ್ವಾಂಸರು ಉಳಿದದ್ದನ್ನು ಮುಗಿಸಿ 1885ರಲ್ಲಿ ಪುಸ್ತಕ ಬಂತು. ಇವತ್ತು ಲಿನ್ಸ್ಕೊಟೆನ್‌ನನ್ನು ಇಂಗ್ಲಿಷಿನಲ್ಲಿ ಓದುವವರು ಹೆಚ್ಚಾಗಿ ಓದುವುದು ಅದನ್ನೇ.

ನಮ್ಮ ಕಸುಬಿನವರಿಗೆ ಇನ್ನೊಂದು ನೆನಪು. ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯ 1841ರಲ್ಲಿ ಶುರುವಾದದ್ದು ಕಲ್ಲಚ್ಚಿನಿಂದ. 1843ರ ಜುಲೈ 1ರಂದು ಹೊರಟ 'ಮಂಗಳೂರ ಸಮಾಚಾರ', ಕನ್ನಡದ ಮೊದಲ ಪತ್ರಿಕೆ, ಬಂದದ್ದೂ ಕಲ್ಲಚ್ಚಿನಲ್ಲೇ. ತಾಮ್ರದ ತಗಡಿಗೆ ಅದು ತಮ್ಮನಿದ್ದ ಹಾಗೆ. ಪ್ರತಿ ವರ್ಷ ಪತ್ರಿಕಾ ದಿನಾಚರಣೆಯಲ್ಲಿ ಶಾಲು ಹೊದೆಸಿಕೊಳ್ಳುವಾಗ ಈ ಕಲ್ಲನ್ನು ನೆನೆಸುವವರು ಕಡಿಮೆ.

ಈಗ ಆ ಬೇರೆ ಕಾರಣಕ್ಕೆ ಬರೋಣ.

2019ರ ಆಗಸ್ಟ್‌ನಲ್ಲಿ ಮೃತ್ಯುಂಜಯ ಹೊಳೆ ಉಕ್ಕಿ ಬಂದದ್ದನ್ನು ಚಾರ್ಮಾಡಿಯವರು ಮರೆತಿಲ್ಲ. ಘಟ್ಟದಲ್ಲಿ ಗುಡ್ಡ ಜರಿದು ನೀರಿನ ಜೊತೆ ಮರ, ಬಂಡೆ, ಮರಳು ಎಲ್ಲ ಬಂತು. ಕೊಳಂಬೆಯಲ್ಲಿ ಮನೆಗಳೂ ತೋಟಗಳೂ ಹೋದವು. ಘಾಟಿ ರಸ್ತೆ ಬಂದಾಯಿತು. ನಾವು ಆಗ ಒಂದು ಪತ್ರಿಕೆಗೆ ಫೋಟೊ, ಸುದ್ದಿ ಕಳಿಸುತ್ತಿದ್ದೆವು. ಎದೆಮಟ್ಟ ಮರಳು ತುಂಬಿದ ಒಂದು ಮನೆಯ ಮುಂದೆ ಸೊಂಟದಲ್ಲಿ ಮಗು ಎತ್ತಿಕೊಂಡು ನಿಂತಿದ್ದ ಹೆಂಗಸೊಬ್ಬರ ಫೋಟೊ ತೆಗೆದೆವು. ಬೆಳಕು ಚೆನ್ನಾಗಿತ್ತು. ಹಿಂದೆ ಮುರಿದ ಮಾಡು, ಅಂಚಿನಲ್ಲಿ ಅತ್ತೆ, ಅದರಾಚೆ ಹಟ್ಟಿಯ ಕಂಬಕ್ಕೆ ಕಟ್ಟಿದ ಒಂದು ದನ. ಹತ್ತು ಕಡೆ ಓಡಬೇಕಿತ್ತು, ಹೆಸರು ಕೇಳಲಿಲ್ಲ. ನಾವು ಕಳಿಸಿದ ಶೀರ್ಷಿಕೆ 'ಪ್ರವಾಹ ಸಂತ್ರಸ್ತ ಕುಟುಂಬ'. ಮರುದಿನ ಮೂರು ಕಾಲಂನಲ್ಲಿ ಬಂತು. ಅತ್ತೆಯನ್ನೂ ದನವನ್ನೂ ಕತ್ತರಿಸಿದ್ದರು.

ವಾರದ ನಂತರ ಪರಿಹಾರದ ಅರ್ಜಿಯ ಸುದ್ದಿಗೆ ಹೋದಾಗ ಅವರು ಸಿಕ್ಕಿದರು. ಯಾರೋ ಪೇಪರಿನ ತುಂಡು ತಂದುಕೊಟ್ಟಿದ್ದರು, ಅದನ್ನು ಮಡಚಿ ಇಟ್ಟುಕೊಂಡಿದ್ದರು. ಬಿಚ್ಚಿ ತೋರಿಸಿ ತುಳುವಿನಲ್ಲಿ ಕೇಳಿದರು: "ಎನ್ನ ಪುದರ್ ಒಲ್ಪ?" ನನ್ನ ಹೆಸರು ಎಲ್ಲ್ಲಿ? ಬೈದು ಕೇಳಿದ್ದಲ್ಲ. ನಿಜವಾಗಿ ಹುಡುಕಿದ್ದರು, ಸಣ್ಣ ಅಕ್ಷರದಲ್ಲಿ ಎಲ್ಲಾದರೂ ಇದ್ದೀತು ಎಂದು.

ಆ ಪ್ರಶ್ನೆಗೆ ನಾವು ಏನೋ ಒಂದು ಸಬೂಬು ಹೇಳಿ ಬಂದೆವು. ಬಹಳ ದಿನದ ಮೇಲೆ ಆಮ್‌ಸ್ಟರ್‌ಡಾಂನ ರೈಕ್ಸ್ ಮ್ಯೂಸಿಯಂ ತನ್ನ ಸಂಗ್ರಹದ ಹಳೆಯ ಅಚ್ಚುಚಿತ್ರಗಳನ್ನು ವೆಬ್‌ಸೈಟಿನಲ್ಲಿ ಉಚಿತವಾಗಿ ಇಟ್ಟದ್ದು ಗೊತ್ತಾಗಿ, ಸುಮ್ಮನೆ ತಡಕಾಡುತ್ತಿರುವಾಗ 'ಕನಾರಿನ್' ಕಣ್ಣಿಗೆ ಬಿದ್ದ. ಸೊಂಟದ ಬಟ್ಟೆಯಲ್ಲಿ ನಿಂತವನ ಜೊತೆಗಿದ್ದ ಲ್ಯಾಟಿನ್ ಸಾಲನ್ನು ನೋಡಿ ನಮಗೆ ನಮ್ಮದೇ ಶೀರ್ಷಿಕೆ ನೆನಪಾಯಿತು. ಲಿನ್ಸ್ಕೊಟೆನ್‌ಗೆ ಭಾಷೆ ಬರುತ್ತಿರಲಿಲ್ಲ ಎಂದಾದರೂ ಹೇಳಬಹುದು. ನಮ್ಮದು ಅದೇ ತಾಲೂಕು, ಅದೇ ತುಳು.

ಹಳೆಯ ಮೆಮೊರಿ ಕಾರ್ಡಿನಲ್ಲಿ ಆ ಫೋಟೊ ಕತ್ತರಿಸದೆ ಇತ್ತು. ಉಜಿರೆಯಲ್ಲಿ ದೊಡ್ಡದಾಗಿ ಪ್ರಿಂಟ್ ಹಾಕಿಸಿಕೊಂಡು ಕಳೆದ ತಿಂಗಳು ಹೋದೆವು. ಈಗ ಅವರು ಎತ್ತರದ ಜಾಗದಲ್ಲಿ ಹೊಸ ಮನೆ ಕಟ್ಟಿಕೊಂಡಿದ್ದಾರೆ. ಹಳೆಯ ಮನೆಯ ಬೇರೆ ಫೋಟೊ ಅವರಲ್ಲಿ ಒಂದೂ ಇಲ್ಲ. ಮದುವೆಯ ಆಲ್ಬಂ ಕೂಡ ನೀರಿಗೆ ಹೋಗಿತ್ತು. ಅತ್ತೆ ಕಳೆದ ವರ್ಷ ತೀರಿಕೊಂಡರಂತೆ. ಅಂದು ಸೊಂಟದಲ್ಲಿದ್ದ ಮಗು ಈಗ ಶಾಲೆಗೆ ಹೋಗುತ್ತಾಳೆ. ಅವಳು ಫೋಟೊದಲ್ಲಿ ತನ್ನನ್ನು ಬಿಟ್ಟು ಮನೆಯನ್ನೇ ನೋಡುತ್ತಿದ್ದಳು. "ಬಾಗಿಲು ಇಷ್ಟು ಸಣ್ಣದಾ?" ಎಂದು ಅಮ್ಮನನ್ನು ಕೇಳಿದಳು. ಅಮ್ಮ ಏನೂ ಹೇಳಲಿಲ್ಲ.

ಈ ಬರಹದಲ್ಲಿ ನಿಮ್ಮ ಹೆಸರು ಹಾಕಬಹುದೇ ಎಂದು ಕೇಳಿದೆವು. ಮೊಬೈಲಿನಲ್ಲಿ ಬೇಡ, ಯಾರ್ಯಾರೋ ನೋಡುತ್ತಾರೆ ಎಂದರು. ಆದರೆ ಒಳಗೆ ಹೋಗಿ ಮಗಳ ಪೆನ್ನು ತಂದುಕೊಟ್ಟು, ಫೋಟೊವನ್ನು ಮಗುಚಿ, ಹಿಂದುಗಡೆ ಬರೆಯಲು ಹೇಳಿದರು. ಅವರ ಹೆಸರು, ಮಗುವಿನ ಹೆಸರು, ಅತ್ತೆಯ ಹೆಸರು. ಆಮೇಲೆ ಮನೆಯ ಹೆಸರು. ಬರೆದು ಪೆನ್ನಿನ ಮುಚ್ಚಳ ಹಾಕುತ್ತಿದ್ದ ಹಾಗೆ, "ದನದ್ದೂ ಬರೀರಿ" ಎಂದರು. ಹೆಸರು ಹೇಳಿದರು. ಬರೆದೆವು.